ಸಂಜೆಯವರೆಗೆ ಒಂದೇ ಬಾಟ್ಲಿ

ರೀ,

ಶಿವಮೊಗ್ಗದಲ್ಲಿ ಟ್ರೇನಿಂಗ್ ಇದೆ, ತಪ್ಪಿಸೋ ಹಾಗಿಲ್ಲ. ಭದ್ರಾವತಿಗೆ ವಾಪಸ್ ಬರೋದು ಸಂಜೆ ಆರಾಗುತ್ತೆ. ಅಲ್ಲೀವರೆಗೆ ಟೇಬಲ್ ಮೇಲಿರೋ ಅರ್ಧ ಲೀಟರ್ ನೀರಿನ ಬಾಟ್ಲಿ ಅಷ್ಟೇ. ಮಜ್ಜಿಗೆ, ಸಾರು, ಕಲ್ಲಂಗಡಿ ಎಲ್ಲಾ ನೀರೇ, ವಾದ ಮಾಡಬೇಡಿ. ಬಾಯಿ ಒಣಗಿದ್ರೆ ಮುಕ್ಕಳಿಸಿ ಉಗಿದುಬಿಡಿ.

ಹೊಳೆಹೊನ್ನೂರಿಂದ ಬೀರಪ್ಪ ಮಾವ ನಿಮ್ಮನ್ನ ನೋಡೋಕೆ ಬರ್ತಾರಂತೆ. ಕೈಯಲ್ಲಿ ಎಳನೀರು ಇದ್ದೇ ಇರುತ್ತೆ. "ಒಂದೇ ಒಂದು ಕುಡಿಯೋ ಮಾರಾಯ, ಮೈಗೆ ತಂಪು" ಅಂತಾರೆ. ದೊಡ್ಡವರು ಅಂತ ದಾಕ್ಷಿಣ್ಯಕ್ಕೆ ಬೀಳಬೇಡಿ. ಕಿಡ್ನಿ ಕೈಕೊಟ್ಟವರಿಗೆ ಎಳನೀರಿಂದ ಹೃದಯವೇ ನಿಂತುಹೋಗಬಹುದು ಅಂತ ಡಾಕ್ಟ್ರು ಹೇಳಿದ್ದನ್ನ ನೀವೂ ಕೇಳಿದ್ದೀರಿ. ಬೇಡ ಅನ್ನೋಕೆ ಆಗದಿದ್ರೆ ಈ ಚೀಟಿ ಅವರ ಕೈಗೆ ಕೊಡಿ. ನನ್ನನ್ನೇ ಬೈದುಕೊಳ್ಳಲಿ.

ಮಂಗಳವಾರ ಡಯಾಲಿಸಿಸ್‌ಗೆ ಮುಂಚೆ ತೂಕ ನೋಡಿದಾಗ ನಾಲ್ಕು ಕೆಜಿ ಜಾಸ್ತಿ ಇತ್ತು. ಊಟ ಜಾಸ್ತಿ ಆಯ್ತು ಅಂದ್ರಿ. ಅದು ನೀರಿನ ತೂಕ ಅಂತ ಇಬ್ಬರಿಗೂ ಗೊತ್ತು. ಅವತ್ತು ಬೆಳಗ್ಗೆ ಉಸಿರು ಸಿಗದೆ ಮಂಚದ ಮೇಲೆ ಎದ್ದು ಕೂತಿದ್ರಲ್ಲ, ಆ ಸದ್ದು ನನಗೆ ಬಸ್ಸಲ್ಲಿ ಕೂತಾಗಲೂ ಕೇಳುತ್ತೆ.

ಒಂದು ವಿಷಯ ನಿಮಗೆ ಹೇಳಿಲ್ಲ. ಭಾನುವಾರ ನಾನೂ ನಿಮ್ಮಷ್ಟೇ ನೀರು ಕುಡಿದು ಇದ್ದು ನೋಡೋಣ ಅಂದುಕೊಂಡೆ. ಮಧ್ಯಾಹ್ನ ಎರಡು ಗಂಟೆಗೆ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ನಲ್ಲಿಗೇ ಬಾಯಿಟ್ಟು ಕುಡಿದೆ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ ರೀ. ಎಷ್ಟು ಕಷ್ಟ ಅಂತ ಗೊತ್ತಾದ ಮೇಲೇ ಭಯ ಜಾಸ್ತಿ ಆಗಿರೋದು.

ನನ್ನ ಕೀಲಿ ಇಲ್ಲೇ ಬಿಟ್ಟು ಹೋಗ್ತಿದ್ದೀನಿ. ಸಂಜೆ ನಾನು ಬಂದಾಗ ಬಾಗಿಲು ನೀವೇ ತೆಗೀಬೇಕು.

ವಾಣಿ