ಅಮ್ಮನ ಎಡಗೈ

ಮಹಡಿಯ ಕೋಣೆಯಿಂದ,
ಮಾರ್ಚ್ ೯, ಸೋಮವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೆ? ಬಲಭುಜದ ನೋವು ಈಗ ಹೇಗಿದೆ? ಏಣಿಯ ಮೇಲೆ ನಿಂತು ಅಂಗಡಿಗಳ ಫಲಕ ಬರೆಯುವವರಿಗೆ ಮೊದಲು ಕೈಕೊಡುವುದು ಭುಜವೇ ಎಂದು ನಮ್ಮ ಚಿತ್ರಗಳಿಗೆ ಚೌಕಟ್ಟು ಹಾಕುವ ಮುದುಕ ಹೇಳಿದ. ನಿನ್ನನ್ನು ಕಂಡು ಬಂದವನೂ ಅವನೇ, ಈ ವಿಳಾಸ ಕೊಟ್ಟವನೂ ಅವನೇ. ಅವನನ್ನು ಬೈಯಬೇಡ. ಅವನ ಅಂಗಡಿಯ ಸ್ಟೂಲಿನ ಮೇಲೆ ಮೂರು ದಿನ ಕುಳಿತು ಕೇಳಿದ್ದೇನೆ. ಕೊನೆಗೆ ಅವನು, "ತಾಯೀ, ವಿಳಾಸ ಕೊಡ್ತೀನಿ, ನನ್ನ ಬೋರ್ಡಿನ ಕಾಗುಣಿತ ನೋಡೋದೊಂದು ನಿಲ್ಸಿ" ಎಂದು ಚೀಟಿ ಬರೆದುಕೊಟ್ಟ. ನಿನ್ನ ವಿಷಯವಾಗಿ ಅವನು ಹೇಳಿದ್ದು ಇಷ್ಟು: "ಆಳು ಗಟ್ಟಿಯಾಗಿದ್ದಾನೆ. ಮಾತು ಕಡಿಮೆ. ಅಕ್ಷರ ಮಾತ್ರ ನೋಡ್ಬೇಕು ನೀವು, ರಸ್ತೆ ಆ ಕಡೆಯಿಂದಲೇ ಕರೆದು ಮಾತಾಡಿಸೋ ಹಾಗಿರುತ್ತೆ." ಕೇಳಿ ಹೆಮ್ಮೆಯಾಯಿತು. ಫಲಕಗಳಲ್ಲಿ ಒತ್ತಕ್ಷರ ಬಿಟ್ಟುಹೋಗುವುದಿಲ್ಲವಷ್ಟೆ? ಇದನ್ನು ಕೇಳಬಾರದಿತ್ತು. ಹೊಡೆದುಹಾಕಿದರೆ ಪತ್ರ ಕೊಳಕಾಗುತ್ತದೆ, ಆದ್ದರಿಂದ ಹಾಗೆಯೇ ಬಿಟ್ಟಿದ್ದೇನೆ.

ನಾನು ಕ್ಷೇಮ. ಕಣ್ಣು ಚೆನ್ನಾಗಿದೆ, ಹಲ್ಲು ಮುಕ್ಕಾಲು ಪಾಲು ನನ್ನವೇ. ಕೈಯ ವಿಷಯ ಆಮೇಲೆ ಬರೆಯುತ್ತೇನೆ. ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು. ಬೆಳಿಗ್ಗೆ ಏಳಕ್ಕೆ ದಿನಪತ್ರಿಕೆ ಬರುತ್ತದೆ, ಕೆಂಪು ಪೆನ್ನು ಹಿಡಿದು ಓದುತ್ತೇನೆ, ಕೊನೆಯಲ್ಲಿ ಅಂಕ ಕೊಡುತ್ತೇನೆ. ನಿನ್ನೆ ಅದು ಅನುತ್ತೀರ್ಣವಾಯಿತು. ಭಾನುವಾರದ ಚಿತ್ರಕಲಾ ತರಗತಿ ಇದೇ ಮಹಡಿಯಲ್ಲಿ ಇನ್ನೂ ನಡೆಯುತ್ತಿದೆ. ನೀನಿದ್ದಾಗ ಹದಿನಾಲ್ಕು ಮಂದಿ ಬರುತ್ತಿದ್ದರು, ಕುಂಚ ತೊಳೆಯಲು ಸಾಲು ನಿಲ್ಲುತ್ತಿದ್ದರು, ನೆನಪಿದೆಯೆ? ಕಳೆದ ವರ್ಷ ಮೂವರಾದರು. ಜನವರಿಯಿಂದ ಒಬ್ಬಳೇ. ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು ನಿವೃತ್ತಳಾದವಳು, ನನಗಿಂತ ಎರಡು ವರ್ಷ ದೊಡ್ಡವಳು. ಒಬ್ಬಳಿಗೂ ನಾನು ಹಾಜರಿ ಕೂಗುತ್ತೇನೆ, ಅವಳೂ ಎದ್ದುನಿಂತು "ಇದ್ದೀನಿ ಟೀಚರ್" ಎನ್ನುತ್ತಾಳೆ. ವಾರದಲ್ಲಿ ನನ್ನನ್ನು ಟೀಚರ್ ಎಂದು ಯಾರಾದರೂ ಕರೆಯುವುದು ಅದೊಂದು ಗಂಟೆ. ಉಳಿದ ಆರು ದಿನ ಮಾದರಿಗೆಂದು ಇಟ್ಟಿರುವ ಆ ಮೂಗು ಮುರಿದ ಪ್ಲಾಸ್ಟರಿನ ತಲೆಯೊಡನೆಯೇ ನನ್ನ ಮಾತುಕತೆ. ಅದು ಒಳ್ಳೆಯ ವಿದ್ಯಾರ್ಥಿ, ಎದುರುತ್ತರ ಕೊಡುವುದಿಲ್ಲ. ನಿನ್ನ ಚಿತ್ರ ನಿಲ್ಲಿಸುವ ಮರದ ಸ್ಟ್ಯಾಂಡು ಕಿಟಕಿಯ ಪಕ್ಕದಲ್ಲಿಯೇ ಇದೆ. ವಾರಕ್ಕೊಮ್ಮೆ ಒರೆಸುತ್ತೇನೆ. ಅದರ ತಿರುಪು ಬಿಗಿಯಾಗಿದೆಯೇ ಎಂದು ನೋಡುತ್ತೇನೆ, ಯಾರೂ ಸಡಿಲಿಸದಿದ್ದರೂ.

ಈಗ ಸುದ್ದಿ. ಊರಿನ ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ನನ್ನ ಚಿತ್ರಗಳ ಪ್ರದರ್ಶನ ಏರ್ಪಾಡಾಗಿದೆ. ಗ್ರಂಥಪಾಲಕಿ ಒಮ್ಮೆ ನನ್ನ ಏಳನೆಯ ತರಗತಿಯಲ್ಲಿದ್ದವಳು, ಸೇಬು ಬರೆಯಲು ಹೇಳಿದರೆ ಕುಂಬಳಕಾಯಿ ಬರೆಯುತ್ತಿದ್ದಳು. ಚಿತ್ರಗಳನ್ನು ಆರಿಸಲು ಅವಳೇ ಬಂದಳು. ನನ್ನ ನಲವತ್ತು ವರ್ಷದ ಕೆಲಸವನ್ನೆಲ್ಲ ಗೋಡೆಗೆ ಒರಗಿಸಿಟ್ಟಿದ್ದೆ. ಹೂಜಿ, ಹೂಜಿಯ ಪಕ್ಕದಲ್ಲಿ ಪುಸ್ತಕ, ಪುಸ್ತಕದ ಮೇಲೆ ಕನ್ನಡಕ. ಅವಳು ಎಲ್ಲವನ್ನೂ ಮರ್ಯಾದೆಯಿಂದ ನೋಡಿದಳು. ಆಮೇಲೆ ಮೂಲೆಯಲ್ಲಿ ಹಳೆಯ ಬಟ್ಟೆ ಸುತ್ತಿದ್ದ ಒಂದು ಚಿತ್ರವನ್ನು ಬಿಚ್ಚಿ, ಅದರ ಮುಂದೆ ತುಂಬ ಹೊತ್ತು ನಿಂತಳು. ಕಿಟಕಿಯ ಬಳಿ ಅಮ್ಮ ಕುಳಿತಿರುವ ನಿನ್ನ ಚಿತ್ರ. "ಟೀಚರ್, ಇದನ್ನು ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿದ್ರಿ? ಇದೇ ನಿಮ್ಮ ಜೀವಮಾನದ ಕೆಲಸ" ಎಂದಳು. ಅದರ ಮೇಲೆ ನಿನ್ನ ಸಹಿ ಇಲ್ಲ. ಆಗಿನ ನಿನ್ನ ಪ್ರದರ್ಶನ ತೆರೆದ ಮೇಲೆ ಸಹಿ ಹಾಕುತ್ತೇನೆಂದು ನೀನು ಹೇಳಿದ್ದೆ, ಹಾಕದೆ ಹೋದೆ. ಆ ಕ್ಷಣ ನಾನು ಒಂದು ವಾಕ್ಯ ಹೇಳಬೇಕಾಗಿತ್ತು. ಹೇಳಲಿಲ್ಲ. ನಲವತ್ತು ವರ್ಷದಲ್ಲಿ ನನ್ನ ಯಾವ ಹೂಜಿಯ ಮುಂದೆಯೂ ಯಾರೂ ಹಾಗೆ ನಿಂತಿರಲಿಲ್ಲ, ತಮ್ಮಾ. ಅವಳು ಚಿತ್ರದ ಫೋಟೋ ತೆಗೆದುಕೊಂಡು ಹೋದಳು. ಹತ್ತು ದಿನಕ್ಕೆ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಮುಖಪುಟದಲ್ಲಿ ಅಮ್ಮ, ಅಮ್ಮನ ಕೆಳಗೆ ನನ್ನ ಹೆಸರು. ಅಚ್ಚಿನ ತಪ್ಪು ಹುಡುಕಿದೆ. ಒಂದೂ ಇರಲಿಲ್ಲ.

ಹದಿನೈದು ವರ್ಷದ ಹಿಂದಿನ ಆ ಮಾತನ್ನು ನಾವಿಬ್ಬರೂ ಆಡಿಲ್ಲ. ನಾನೇ ಆಡುತ್ತೇನೆ. ಅದು ನಿನ್ನ ಮೊದಲ ಪ್ರದರ್ಶನ. ಹಿಂದಿನ ದಿನ ಸಂಜೆ ಚಿತ್ರ ನೇತುಹಾಕುವ ತಂತಿ ತರಲು ನೀನು ಪೇಟೆಗೆ ಹೋಗಿದ್ದೆ. ನಾನು ಮಹಡಿಗೆ ಬಂದು ಒಂದೊಂದನ್ನೇ ನೋಡಿದೆ. ಅಮ್ಮನ ಚಿತ್ರದ ಮುಂದೆ ನಿಂತೆ. ಮುಖ ಸರಿಯಾಗಿತ್ತು, ಬೆಳಕು ನಾನು ಕಲಿಸಿದ್ದಕ್ಕಿಂತ ಚೆನ್ನಾಗಿತ್ತು. ಕಿಟಕಿಯ ಅಂಚಿನ ಮೇಲಿಟ್ಟ ಎಡಗೈ ಮಾತ್ರ ತಪ್ಪಾಗಿತ್ತು. ದಪ್ಪ, ಗಂಟು, ಬೆರಳುಗಳು ಒಂದರ ಮೇಲೊಂದು ವಾಲಿದ ಹಾಗೆ. ಗದ್ದದಿಂದ ಕೂದಲಿನ ಅಂಚಿನವರೆಗೆ ಮುಖ ಎಷ್ಟು ಉದ್ದವೋ, ಮಣಿಕಟ್ಟಿನಿಂದ ನಡುಬೆರಳಿನ ತುದಿಯವರೆಗೆ ಕೈಯೂ ಅಷ್ಟೇ ಉದ್ದ ಎಂದು ಮೂವತ್ತಮೂರು ವರ್ಷ ಕರಿಹಲಗೆಯ ಮೇಲೆ ಬರೆದವಳು ನಾನು. ಮಕ್ಕಳ ಹಾಳೆಯ ಮೇಲೆ ನನ್ನ ಪೆನ್ಸಿಲಿನಿಂದಲೇ ಗೆರೆ ಎಳೆದು ಸರಿಮಾಡಿ ಅಭ್ಯಾಸ. ಮುಂದಿನವನ ಹಾಳೆ ಯಾವುದು, ನನ್ನ ಹಾಳೆ ಯಾವುದು ಎಂಬ ಭೇದ ನನ್ನ ಕೈಗೆ ಗೊತ್ತೇ ಇರಲಿಲ್ಲ. ನಾಳೆ ಜನರೆದುರು ನಿನಗೆ ಅವಮಾನವಾಗಬಾರದು ಎಂದುಕೊಂಡೆ. ಆ ಕೈಯ ಮೇಲೆ ಮುಕ್ಕಾಲು ಗಂಟೆಯ ಕೆಲಸ. ನೀನು ತಂತಿ ತರುವುದರೊಳಗೆ ಕುಂಚ ತೊಳೆದಿಟ್ಟಿದ್ದೆ.

ಮರುದಿನ ಎಲ್ಲರೂ ಆ ಕೈಯನ್ನೇ ಹೊಗಳಿದರು. ಪರೀಕ್ಷಾ ಮಂಡಳಿಯಿಂದ ಬಂದಿದ್ದ ಹಿರಿಯರು, "ಕೈ ಬರೆಯೋದು ಅಂದ್ರೆ ಹೀಗಪ್ಪಾ" ಎಂದು ನಿನ್ನ ಬೆನ್ನು ತಟ್ಟಿದರು. ನೀನು ಚಿತ್ರವನ್ನು ನೋಡಿದೆ, ಆಮೇಲೆ ಕೋಣೆಯ ಆ ಕೊನೆಯಿಂದ ನನ್ನನ್ನು ನೋಡಿದೆ. ಸಂಕೋಚದ ಸ್ವಭಾವ, ಹೊಗಳಿಕೆ ತಡೆದುಕೊಳ್ಳಲಾರ ಎಂದುಕೊಂಡೆ. ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಚೀಟಿ ಇತ್ತು: "ಅಕ್ಕಾ, ಹೋಗ್ತಿದ್ದೀನಿ. ಇನ್ನು ಮೇಲೆ ನನ್ನ ತಿದಬೇಡ." ನೀನು ದಕಾರಕ್ಕೆ ಒತ್ತು ಕೊಟ್ಟಿರಲಿಲ್ಲ. ಜೇಬಿನಿಂದ ಕೆಂಪು ಪೆನ್ನು ತೆಗೆದು ಒತ್ತು ಹಾಕಿದೆ. ಹಾಕಿಯಾದ ಮೇಲೆ ಓದಿದೆ.

ಆ ಚೀಟಿ ಇಷ್ಟು ವರ್ಷವೂ ನನ್ನ ನಿಘಂಟಿನೊಳಗಿದೆ. ನಿನಗೆ ನಾಲ್ಕು ವರ್ಷವಿದ್ದಾಗ, ಸ್ಲೇಟಿನ ಮೇಲೆ ನಾನು ಬರೆದ ಅಕ್ಷರದ ಮೇಲೆ ನಿನ್ನ ಬೆರಳು ಹಿಡಿದು ಆಡಿಸುತ್ತಿದ್ದೆ. ಅದನ್ನೂ ತಿದ್ದುವುದು ಎಂದೇ ಕರೆಯುತ್ತೇವೆ. ಕಲಿಯುವವನು ಇನ್ನೊಬ್ಬರ ಗೆರೆಯನ್ನು ನಂಬಿ ಅದರ ಮೇಲೆ ನಡೆಯುವುದೂ ತಿದ್ದುವುದೇ, ಕಲಿಸುವವಳು ಇನ್ನೊಬ್ಬರ ಗೆರೆಯನ್ನು ನಂಬದೆ ಅಳಿಸುವುದೂ ತಿದ್ದುವುದೇ. ಆಗ ನೀನು ನನ್ನ ಬೆರಳು ಬಿಡುತ್ತಲೇ ಇರಲಿಲ್ಲ, ಸೆರಗಿಗೆ ಅಂಟಿದರೆ ಬಿಡದ ಮುಳ್ಳುಕಾಯಿಯ ಹೆಸರಿಟ್ಟು ಅಮ್ಮ ನಿನ್ನನ್ನು ಅಂಟುಪುರಲೆ ಎಂದು ಕರೆಯುತ್ತಿದ್ದಳು. ಆ ಹೆಸರಿನಿಂದ ನಿನ್ನನ್ನು ಕರೆಯಲು ಈಗ ನನಗೆ ಧೈರ್ಯ ಸಾಲದು.

ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ದಾದಿ ಬಂದಾಗ ಚಿತ್ರ ಕಿಟಕಿಯ ಬಳಿ, ನಿನ್ನ ಸ್ಟ್ಯಾಂಡಿನ ಮೇಲಿತ್ತು. ಅವಳ ಚಿತ್ರಗಳು ಇನ್ನೂ ಕುಂಬಳಕಾಯಿಯ ಹಂತದಲ್ಲಿವೆ. ಆದರೂ ಅವಳು ಕನ್ನಡಕ ಏರಿಸಿ ನೋಡಿ, "ಟೀಚರ್, ಈ ಕೈ ಈ ಹೆಂಗಸಿನದಲ್ಲ" ಎಂದಳು. ನನಗೆ ಸಿಟ್ಟು ಬಂತು. ಪ್ರಮಾಣ ಅಳೆದು ತೋರಿಸಿದೆ. ಅವಳು ಅಳತೆಗೋಲನ್ನು ಮೆಲ್ಲನೆ ಪಕ್ಕಕ್ಕಿಟ್ಟು ಹೇಳಿದಳು: "ಭುಜ ನೋಡಿ, ಹೀಗೆ ಎತ್ತಿ ಹಿಡಿದಿದ್ದಾರೆ. ಮೊಣಕೈ ಒಳಗೆಳ್ಕೊಂಡಿದ್ದಾರೆ. ಗಂಟುಗಂಟಿಗೂ ಬಾವು ಬಂದವರು ಕೂರೋದು ಹೀಗೇ, ನಾನು ಮೂವತ್ತು ವರ್ಷ ನೋಡಿದ್ದೀನಿ. ಬೆರಳು ನೋಡಿದ್ರೆ ಮೊನ್ನೆ ಮದುವೆಯಾದವರ ಹಾಗಿದೆ. ಬರೆದವರಿಗೆ ಭುಜ ಗೊತ್ತಿತ್ತು, ಕೈ ಗೊತ್ತಿರಲಿಲ್ಲ." ಆಮೇಲೆ ನನ್ನ ಜೇಬಿನ ಕಡೆ ನೋಡಿ, "ನಿಮಗೂ ಶುರುವಾಗಿದೆ, ಅಲ್ವಾ?" ಎಂದಳು. ಎರಡು ತಿಂಗಳಿನಿಂದ ನಾನು ಬಲಗೈಯನ್ನು ಉಣ್ಣೆಯ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಪಾಠ ಮಾಡುತ್ತಿದ್ದೆ. ಚಳಿ ಎಂದು ಹೇಳಿಕೊಂಡಿದ್ದೆ.

ಅಮ್ಮನೂ ಚಳಿ ಎನ್ನುತ್ತಿದ್ದಳು, ತಮ್ಮಾ. ಕೊನೆಯ ಎರಡು ವರ್ಷ ನಾನು ಶಾಲೆಯಿಂದ ಬಂದಾಗಲೆಲ್ಲ ಅವಳು ಹೊದಿಕೆಯೊಳಗೆ ಕೈಯಿಟ್ಟುಕೊಂಡೇ ಮಾತಾಡುತ್ತಿದ್ದಳು. ಡಬ್ಬಿಗಳ ಮುಚ್ಚಳ ನೀನೇ ತೆಗೆದುಕೊಡುತ್ತಿದ್ದೆ, ಅವಳ ತಲೆಯನ್ನೂ ನೀನೇ ಬಾಚುತ್ತಿದ್ದೆ. ದೊಡ್ಡ ಹುಡುಗನಿಗೆ ಇದೆಂಥ ಮುದ್ದು ಎಂದು ನಾನು ಹಂಗಿಸುತ್ತಿದ್ದೆ. ಅವಳು ಹೋದಾಗ ನಾನು ಶಾಲೆಯವರು ಕಳಿಸಿದ್ದ ಶಿಕ್ಷಕರ ತರಬೇತಿಗೆಂದು ದೂರದ ಊರಿನಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಕೈಯನ್ನು ನಾನು ನೋಡಲೇ ಇಲ್ಲ. ನೋಡಿದ್ದರೆ ಅವಳನ್ನು ಕೂರಿಸಿ ಕಾರಣ ಕೇಳುತ್ತಿದ್ದೆ, ಔಷಧ ಯಾಕೆ ತಪ್ಪಿಸಿದೆ ಎನ್ನುತ್ತಿದ್ದೆ, ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಿದ್ದೆ. "ಅಕ್ಕನಿಗೆ ಹೇಳ್ಬೇಡ" ಎಂದು ನಿನಗೆ ಹೇಳಿರಬೇಕು. ನೀನು ಹೇಳಲಿಲ್ಲ. ಬರೆದೆ. ನನಗೆ ತೋರಿಸಲೆಂದೇ ಬರೆದೆಯೋ ಏನೋ. ನಾನು ಅದನ್ನು ಪ್ರಮಾಣದ ತಪ್ಪು ಎಂದು ಓದಿಕೊಂಡೆ.

ಚೌಕಟ್ಟಿನ ಮುದುಕ ಬಂದು ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ. ನೀನು ಮೊದಲೇ ವಾರ್ನಿಶ್ ಬಳಿದಿದ್ದೆಯಂತೆ, ನನ್ನ ಬಣ್ಣ ಅದರ ಮೇಲೆ ಕೂತಿದೆ, ನಿನ್ನದನ್ನು ಮುಟ್ಟಿಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಒತ್ತದೆ, ಉರುಳಿಸಿ ತೆಗೆಯಬೇಕು ಎಂದು ತೋರಿಸಿಕೊಟ್ಟ. ನಿನ್ನೆ ಬೆಳಿಗ್ಗೆ ಕಿರುಬೆರಳಿನಿಂದ ಶುರುಮಾಡಿದೆ. ನಾನು ಬರೆದಿದ್ದ ನುಣುಪಾದ ಕಿರುಬೆರಳು ಹತ್ತಿಗೆ ಕಂದು ಬಣ್ಣವಾಗಿ ಬಂತು. ಅದರ ಕೆಳಗಿನಿಂದ ಅಮ್ಮನದು ಬಂತು. ಗಂಟಿನ ಮೇಲೆ ಚರ್ಮ ಬಿಗಿದು ಹೊಳೆಯುವ ಕಡೆ ನೀನು ಒಂದು ಚೂರು ನೇರಳೆ ಇಟ್ಟಿದ್ದೀಯೆ. ಆ ನೇರಳೆಯನ್ನು ನಾನು ನಿನಗೆ ಕಲಿಸಿದ್ದಲ್ಲ. ನನ್ನ ಕಿರುಬೆರಳನ್ನು ಪಕ್ಕದಲ್ಲಿಟ್ಟು ನೋಡಿದೆ. ಬಣ್ಣ ಸರಿಯಾಗಿತ್ತು.

ಆಮೇಲೆ ಗ್ರಂಥಾಲಯಕ್ಕೆ ನಡೆದುಹೋದೆ, ಭಾನುವಾರವೂ ಗ್ರಂಥಪಾಲಕಿ ಅಲ್ಲಿರುತ್ತಾಳೆ. ಚಿತ್ರ ನನ್ನದಲ್ಲ, ನನ್ನ ತಮ್ಮನದು, ನಾನು ಸುಮ್ಮನಿದ್ದದ್ದು ತಪ್ಪು ಎಂದೆ. ಅವಳು ಗಾಬರಿಯಾಗಿ, ಆಮಂತ್ರಣ ಅಚ್ಚಾಗಿಬಿಟ್ಟಿದೆ, ನಾಳಿದ್ದು ಅಂಚೆಗೆ ಹೋಗಬೇಕು, ಈಗೇನು ಮಾಡೋದು ಟೀಚರ್ ಎಂದಳು. ತಿದ್ದುಪಡಿ ಚೀಟಿ ಇಡೋಣ ಎಂದೆ. ಇನ್ನೂರ ಹತ್ತು ಆಮಂತ್ರಣ, ಇನ್ನೂರ ಹತ್ತು ಚೀಟಿ, ನಾನೇ ಬರೆಯುತ್ತಿದ್ದೇನೆ. ಚಿತ್ರ ಬರೆದವನು ನನ್ನ ತಮ್ಮ ಎಂದು ನಿನ್ನ ಹೆಸರು, ಕೆಳಗೆ ನನ್ನ ಸಹಿ. ಐದೈದು ಚೀಟಿಗೊಮ್ಮೆ ಬಿಸಿನೀರಿನಲ್ಲಿ ಕೈ ಅದ್ದುತ್ತೇನೆ. ಅಕ್ಷರ ಅಷ್ಟೇನೂ ದುಂಡಗಿಲ್ಲ, ನೋಡಿದರೆ ನೀನೇ ನಗುತ್ತೀಯೆ. ನೂರ ಮೂವತ್ತಾಗಿವೆ. ಈ ಪತ್ರ ನಡುವಿನ ಬಿಡುವಿನಲ್ಲಿ ಬರೆದದ್ದು.

ಭುಜಕ್ಕೆ ಬೆಳಿಗ್ಗೆ ಬಿಸಿ ಶಾಖ ಕೊಡು. ಏಣಿಯ ಕಾಲಿಗೆ ಚಿಂದಿ ಬಟ್ಟೆ ಕಟ್ಟು, ಜಾರುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನೊಡನೆ ಯಾರಾದರೂ ಇದ್ದರೆ ಅವರಿಗೂ ನನ್ನ ಆಶೀರ್ವಾದ ಹೇಳು. ಯಾರೂ ಇಲ್ಲದಿದ್ದರೆ ಎರಡು ಪಾಲನ್ನೂ ನೀನೇ ಇಟ್ಟುಕೋ.

ನಿನ್ನ
ಅಕ್ಕ

ಬರೆಯಲು ಬಿಟ್ಟುಹೋದದ್ದು: ಅಂಚೆಯವನು ಬೀದಿಯ ತಿರುವಿನಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಕಿರುಬೆರಳೊಂದನ್ನೇ ತೆಗೆದಿದ್ದೇನೆ. ಉಳಿದ ನಾಲ್ಕು ಬೆರಳು ಇನ್ನೂ ನನ್ನ ಬಣ್ಣದ ಕೆಳಗಿವೆ, ಅವನ್ನು ನಾನು ಮುಟ್ಟುವುದಿಲ್ಲ. ಅಲ್ಲಿ ಏನಿದೆ ಎಂಬುದು ನಿನಗೊಬ್ಬನಿಗೇ ಗೊತ್ತು. ಪ್ರದರ್ಶನ ಇಪ್ಪತ್ತೊಂದಕ್ಕೆ. ಒಂದು ದಿನ ಮೊದಲು ಬಾ, ಹತ್ತಿ, ಸ್ಪಿರಿಟ್ಟು ಕಿಟಕಿಯ ಅಂಚಿನ ಮೇಲಿಟ್ಟಿರುತ್ತೇನೆ, ನಾನು ಕೆಳಗಿರುತ್ತೇನೆ. ಬಾರದಿದ್ದರೆ ಚಿತ್ರ ಹೀಗೆಯೇ ಗೋಡೆಗೆ ಏರುತ್ತದೆ, ಯಾವ ಬೆರಳು ಯಾರದೆಂದು ಕೆಳಗೆ ಬರೆದಿರುತ್ತದೆ. ನಿನ್ನ ಚೀಟಿಯ ಮೇಲಿದ್ದ ಕೆಂಪು ಗುರುತನ್ನು ಬ್ಲೇಡಿನಿಂದ ಕೆರೆದು ತೆಗೆದೆ, ಕಾಗದ ಅಲ್ಲಿ ಸ್ವಲ್ಪ ತೂತಾಗಿದೆ. ಬಾ. ಇನ್ನು ಮೇಲೆ ನಿನ್ನ ತಿದುವುದಿಲ್ಲ.