ಉಡ ಮಲಗೋ ಕುರ್ಚಿ

ನಿತೀಶಾ,

ನಾ ಗ್ರೀನ್‌ಫರ್ಡ್‌ಗೆ ಕೆಲಸಕ್ಕ ಹೊಂಟೀನಿ. ಅಪ್ಪಾಜಿ ಸಾಕಿದ ಉಡಕ್ಕ ಇವತ್ತರ ನೀ ಊಟಾ ಹಾಕು. ಫ್ರೀಜರ್‌ನಾಗಿನ ಇಲಿ ಬಿಸಿನೀರಾಗ ಇಟ್ಟು ಕರಗಿಸು. ಅವ್ವನ ಚಹಾದ ಪಾತ್ರಿ ಮುಟ್ಟಿದಿ ಅಂದ್ರ ನೋಡು! ಇಕ್ಕಳದಿಂದನ ಕೊಡು, ಕೈ ಕಚ್ಚಿದ್ರ ಉಡದ ಪಟ್ಟು, ಬಿಡೂದಿಲ್ಲ.

ಅಪ್ಪಾಜಿ ತೀರಿಕೊಂಡಾಗಿಂದ ಅದು ತನ್ನ ಪೆಟ್ಟಿಗ್ಯಾಗಿನ ಬಿಸಿ ಲೈಟಿನ ಕೆಳಗ ಮಲಗವಲ್ದು. ಪೆಟ್ಟಿಗಿ ಬಾಗಿಲಾ ತೆಗದ ಕೂಡ್ಲೇ ಹೋಗಿ ಅವರ ಖಾಲಿ ಕುರ್ಚಿ ಏರತದ. ಎಬ್ಬಿಸಬ್ಯಾಡ. "ಉಡಕ್ಕ ಮಂದಿ ಮ್ಯಾಲ ಪ್ರೀತಿ ಇರೂದಿಲ್ಲವ್ವಾ, ಬಿಸಿ ಎಲ್ಲಿ ಅದನೋ ಅಲ್ಲಿ ಹೋಗತದ" ಅಂತ ಅವರೇ ಅಂತಿದ್ರು, ನೆನಪದ ಅಲ್ಲ?

ನೀ ಆ ಕುರ್ಚಿ ಮ್ಯಾಲ ಕೂಡಬ್ಯಾಡ ತಮ್ಮಾ. ಮನಿ ಹೀಟಿಂಗ್ ಆಫ್ ಇದ್ದಾಗ, ಉಡ ಏರೂಕಿಂತ ಮೊದ್ಲ, ನಾ ಕೈ ಇಟ್ಟು ನೋಡೀನಿ. ಬೆಚ್ಚಗ ಇತ್ತು.

ಅಕ್ಕ