ಗಣಿಯ ಇಳಿಜಾರಿನಲ್ಲಿ ಹುಲ್ಲು ಹೊದಿಸಿ ಮುಚ್ಚಿದ ಚರಂಡಿ

ಗಣಿಯ ಹಸಿರಿಗೆ ಅಂಕ ಕೊಡುವ ಮಾನ್ಯ ಅಧಿಕಾರಿಗಳೇ,

ಉತ್ತರದ ಇಳಿಜಾರಿನ ಅಡ್ಡ ಚರಂಡಿಯನ್ನು ನೀವು ಮುಚ್ಚಿಸಿದ್ದೀರಿ. ಅದರ ನೇರ ಕೆಳಗೆ, ಗಣಿಯದೇ ಕಟ್ಟಡದಲ್ಲಿ, ನನ್ನ ತಂಗಿ ನಡೆಸುವ ಶಿಶುವಿಹಾರವಿದೆ, ಅಲ್ಲಿ ಇಪ್ಪತ್ತಾರು ಮಕ್ಕಳಿದ್ದಾರೆ. ಮಳೆಗಾಲ ಇನ್ನೇನು ಬಂತು. ಮೂರು ಅರ್ಜಿ ಬರೆದೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಅಭ್ಯಾಸ ನಿಮ್ಮದು. ಹಾಗಾಗಿ ಈ ಸಲ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ಇವಳ್ಯಾರು ಎಂದು ಹುಬ್ಬೇರಿಸಬೇಡಿ. ಗಣಿ ಅಗೆದು ಬಿಟ್ಟ ಬೋಳು ಗುಡ್ಡಕ್ಕೆ ಹುಲ್ಲು ನೆಡುವ ಹೆಂಗಸರ ತಂಡಕ್ಕೆ ಹನ್ನೊಂದು ವರ್ಷದಿಂದ ನಾನೇ ಮೇಸ್ತ್ರಿ. ನಾರಿನ ಚಾಪೆ ಹಾಸಿ, ಬೀಜ ಉದುರಿಸಿ, ಬೇರು ಕಚ್ಚಿತೋ ಇಲ್ಲವೋ ಎಂದು ಎಳೆದು ನೋಡುವುದು ನನಗೆ ಗೊತ್ತು. ಇಳಿಜಾರಿಗೆ ಹುಲ್ಲು ಬೇಕು, ಚರಂಡಿಯ ಅಂಚಿಗೂ ಬೇಕು. ತಳದಲ್ಲಿ ಮಾತ್ರ ಕಲ್ಲೇ ಇರಬೇಕು; ಮೇಲಿನಿಂದ ಬಂದ ನೀರು ಅಲ್ಲಿ ನಿಲ್ಲದೆ ಪಕ್ಕದ ಹಳ್ಳಕ್ಕೆ ಹೋಗಬೇಕು. ಇಷ್ಟು ತಿಳಿಯಲು ಪದವಿ ಬೇಕೇ?

ನೀವು ಗುಡ್ಡ ಹತ್ತುವವರಲ್ಲ. ಡ್ರೋನ್ ತೆಗೆದ ಚಿತ್ರ ನೋಡಿ, ನೂರಕ್ಕೆ ಎಷ್ಟು ಹಸಿರು ಎಂದು ಅಂಕ ಹಾಕುತ್ತೀರಿ. ಚರಂಡಿಯ ಕಲ್ಲು ಚಿತ್ರದಲ್ಲಿ ಬೂದಿ ಬಣ್ಣದ ಗೆರೆಯಾಗಿ ಕಂಡಿತು, ಅಂಕ ಎಪ್ಪತ್ತೊಂಬತ್ತಕ್ಕೆ ನಿಂತಿತು. ಎಂಬತ್ತಾಗದೆ ಹೊಸ ಜಾಗ ಅಗೆಯಲು ಅನುಮತಿ ಇಲ್ಲವಂತೆ. ಆ ಒಂದು ಅಂಕಕ್ಕಾಗಿ, ಚರಂಡಿಗೂ ಮಣ್ಣು ತುಂಬಿ ಹುಲ್ಲು ಹಾಕಿ ಎಂಬ ಸೂಚನೆ ನಿಮ್ಮ ಕಚೇರಿಯಿಂದಲೇ ಬಂತು. ತುಂಬಿದವಳು ನಾನೇ. ತಪ್ಪೆಂದು ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ತುಂಬಿದೆ. ನನಗೆ ನಾಚಿಕೆಯಾಗುತ್ತದೆ. ನಿಮಗೆ?

ಹುಲ್ಲೇನೋ ಸೊಗಸಾಗಿ ಬಂತು, ಅಂಕ ಎಂಬತ್ತನಾಲ್ಕಕ್ಕೆ ಏರಿತು. ಬಿಸಿಲಿಗೆ ಇಡೀ ಗುಡ್ಡ ಒಣಗಿದರೂ ಚರಂಡಿಯ ಗೆರೆ ಮಾತ್ರ ಕಡುಹಸಿರು. ಆ ಚಿತ್ರಕ್ಕೆ ಕಟ್ಟು ಹಾಕಿಸಿ ನಿಮ್ಮ ಕುರ್ಚಿಯ ಹಿಂದೆ ತೂಗುಹಾಕಿದ್ದೀರಿ, ನೋಡಿ ಬಂದೆ. ಬೇಸಿಗೆಯಲ್ಲಿ ಅಷ್ಟು ಹಸಿರೆಂದರೆ ಮೇಲಿನ ಗಣಿಗುಂಡಿಯಿಂದ ಜಿನುಗಿದ ನೀರು ಬುಡದಲ್ಲೇ ನಿಂತಿದೆ ಎಂದರ್ಥ, ಸ್ವಾಮಿ. ಚರಂಡಿಯ ಮೇಲ್ಗಡೆ ನೆಲ ಬಿರುಕು ಬಿಟ್ಟಿದೆ. ಕಳೆದ ತಿಂಗಳು ಅದರಲ್ಲಿ ನನ್ನ ಬೆರಳು ಹೋಗುತ್ತಿತ್ತು. ಈಗ ಮುಷ್ಟಿ ಹೋಗುತ್ತದೆ.

ಹದಿನೈದು ದಿನದ ಹಿಂದೆ ಶಿಶುವಿಹಾರದ ಹಿಂಬಾಗಿಲು ಹಾಕಲು ಬಾರದಂತಾಯಿತು. ತಂಗಿ ದೂರು ಕೊಟ್ಟಳು. ಇದೊಂದರಲ್ಲಿ ನೀವು ಬಲು ಚುರುಕು, ಮರುದಿನವೇ ಬಡಗಿಯನ್ನು ಕಳಿಸಿದಿರಿ. ಅವನು ಬಾಗಿಲಿನ ಅಂಚು ಉಜ್ಜಿ ಹೋದ. ನಾಲ್ಕನೇ ದಿನ ಮತ್ತೆ ಸಿಕ್ಕಿಕೊಂಡಿತು. ಮತ್ತೆ ಬಂದವನು ಗೋಡೆ ನೆಟ್ಟಗಿದೆಯೇ ಎಂದು ತೂಕದ ಗುಂಡು ಇಳಿಬಿಟ್ಟು ನೋಡಿ, ಸಾಮಾನು ಚೀಲಕ್ಕೆ ತುಂಬಿಕೊಂಡ.

“ಬಾಗಿಲು ಸರಿಯಾಗೇ ಇದೆ ಅಕ್ಕ. ಗೋಡೇನೇ ಮುಂದಕ್ಕೆ ಬರ್ತಾ ಇದೆ. ಇನ್ನು ನಾನು ಉಜ್ಜಲ್ಲ,” ಎಂದನಂತೆ.

ತಂಗಿ ಮಕ್ಕಳ ಚಾಪೆಗಳನ್ನೆಲ್ಲ ಎದುರು ಗೋಡೆಯ ಬದಿಗೆ ಎಳೆದಿದ್ದಾಳೆ. ಗೋಡೆಯೊಳಗೆ ಯಾರೋ ಹಲ್ಲು ಕಡಿಯುತ್ತಾರೆ ಎಂದು ಮಕ್ಕಳು ಹೇಳಿದಾಗ ನಕ್ಕಿದ್ದಳಂತೆ. ಮೊನ್ನೆ ತಾನೇ ಕಿವಿಗೊಟ್ಟಳು. “ನಂಗೂ ಕೇಳಿಸ್ತು ಕಣೆ ಅಕ್ಕ,” ಎಂದಳು. ಬೇರೆ ಕೋಣೆ ಕೊಡಿ ಎಂದರೆ, ಎಂಬತ್ತನಾಲ್ಕು ಅಂಕದ ಇಳಿಜಾರು ಸುಭದ್ರ ಎಂದು ನೀವು ಬರೆದಿರಿ. ಶಿಶುವಿಹಾರವನ್ನೇ ಮುಚ್ಚೋಣವೆಂದರೆ, ಗಣಿ ಕೆಲಸಕ್ಕೆ ಬರುವ ತಾಯಂದಿರು ಮಕ್ಕಳನ್ನು ಎಲ್ಲಿ ಬಿಡಬೇಕು? ನನಗೆ ಭಯವಾಗುತ್ತಿದೆ. ಇದಕ್ಕಿಂತ ನಯವಾಗಿ ಹೇಳಲು ನನಗೆ ಬರುವುದಿಲ್ಲ.

ಭಾನುವಾರದೊಳಗೆ ಚರಂಡಿ ತೆರೆಸಿ, ಮಕ್ಕಳಿಗೆ ಬೇರೆ ಕೋಣೆ ಕೊಡಿ. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ನಾವು ಒಂಬತ್ತು ಹೆಂಗಸರು ಗುದ್ದಲಿ ಹಿಡಿದು ಹತ್ತುತ್ತೇವೆ. ಅಗೆಯುವಾಗ ಗುಡ್ಡ ನಮ್ಮ ಕಾಲಡಿಯಲ್ಲೇ ಜಾರಬಹುದು, ಗೊತ್ತು. ಅದಕ್ಕೇ ಆ ದಿನ ತಂಗಿ ಇಪ್ಪತ್ತಾರು ಮಕ್ಕಳನ್ನೂ ನಿಮ್ಮ ಕಚೇರಿಗೆ ಕರೆತರುತ್ತಾಳೆ. ನನ್ನ ತಂಡದ ಏಳು ಜನರ ಮಕ್ಕಳು ಅದರಲ್ಲಿದ್ದಾರೆ. ಅವರ ಅಮ್ಮಂದಿರು ಇಳಿದು ಬರುವವರೆಗೆ ನೀವೇ ನೋಡಿಕೊಳ್ಳಬೇಕು. ಅಮ್ಮ ಯಾವಾಗ ಬರ್ತಾಳೆ ಎಂದು ಕೇಳಿದರೆ, ಉತ್ತರವನ್ನೂ ನೀವೇ ಕೊಡಬೇಕು.

ಇಂತಿ,
ಸೂಚನೆ ಬಂತೆಂದು ಮಣ್ಣು ತುಂಬಿದ, ಇನ್ನು ಅಪ್ಪಣೆ ಕೇಳದ
ಹುಲ್ಲಿನ ಮೇಸ್ತ್ರಿ